ಹಳೇ ಮನೆಯ ಚಿತ್ರ ಬರೆಸಬೇಕು, ಕಲಾವಿದರ ಹತ್ತಿರ ಹೇಗೆ ಮಾತಾಡುವುದು?

ಅಂಗಳದಮನೆ · ಹಿರಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಕಟ್ಟಿಸಿದ ಹೆಂಚಿನ ಮನೆ ಒಂದಿತ್ತು. ರಸ್ತೆ ಅಗಲ ಮಾಡುವಾಗ ಮುಂದಿನ ಭಾಗ ಹೋಯಿತು, ಉಳಿದದ್ದನ್ನು ನಾವೇ ಬಿಚ್ಚಿಸಿದೆವು. ಈಗ ಹಿಂದಿನ ಜಾಗದಲ್ಲಿ ತಾರಸಿ ಮನೆ ಉಂಟು. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತದೆ. ಆ ಹಳೇ ಮನೆಯ ಚಿತ್ರ ಬರೆಸಿ ಕೊಡಬೇಕು ಅಂತ ನಮಗೆ ಮಕ್ಕಳಿಗೆಲ್ಲ ಆಸೆ.

ತೊಂದರೆ ಏನೆಂದರೆ, ಇಡೀ ಮನೆ ಕಾಣುವ ಒಂದು ಫೋಟೋವೂ ಇಲ್ಲ. ಒಂದರಲ್ಲಿ ಜಗಲಿ, ಒಂದರಲ್ಲಿ ತುಳಸಿಕಟ್ಟೆ, ಇನ್ನೊಂದರಲ್ಲಿ ಹಟ್ಟಿಯ ಮೂಲೆ ಮಾತ್ರ. ಎಲ್ಲ ಯಾರದ್ದೋ ಮದುವೆ, ನಾಮಕರಣಕ್ಕೆ ತೆಗೆದವು.

ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಚಿತ್ರ ಬರೆಸಿದವರಲ್ಲ. ರೇಟು ಹೇಗೆ ಕೇಳುವುದು? ಅಡ್ವಾನ್ಸ್ ಎಷ್ಟು ಕೊಡುವುದು? ಮುಗಿದ ಮೇಲೆ ಇಷ್ಟ ಆಗದಿದ್ದರೆ ಹೇಳಬಹುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ರಥಬೀದಿ · ಉಡುಪಿ

ಒಳ್ಳೆಯ ಯೋಚನೆ. ನಾನು ಬೇರೆ ಬೇರೆ ಕಲಾವಿದರಿಂದ ಚಿತ್ರ ಬರೆಸಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ಮೊದಲು ಕೈ ನೋಡಿ, ರೇಟು ಆಮೇಲೆ. ಒಬ್ಬೊಬ್ಬರ ಕೈ ಒಂದೊಂದು ತರ. ಜಲವರ್ಣದಲ್ಲಿ ಸಡಿಲವಾಗಿ ಬರೆಯುವವರ ಹತ್ತಿರ ಹೋಗಿ "ಫೋಟೋ ತರ ಹೆಂಚು ಹೆಂಚು ಕಾಣಬೇಕು" ಅಂದರೆ ಇಬ್ಬರಿಗೂ ಕಷ್ಟ. ಅವರು ಹಿಂದೆ ಮಾಡಿದ ಹತ್ತು ಕೆಲಸ ನೋಡಿ. ಅದರಲ್ಲಿ ಮನೆ, ಮರ, ಅಂಗಳ ಇರುವ ಚಿತ್ರ ಉಂಟಾ ನೋಡಿ. ಮುಖ ಚೆನ್ನಾಗಿ ಬರೆಯುವವರೆಲ್ಲ ಮನೆ ಚೆನ್ನಾಗಿ ಬರೆಯುತ್ತಾರೆ ಅಂತ ಇಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದ್ದು ಸಾಲದು, ಎದುರು ನಿಂತು ನೋಡಬೇಕು. ಬಲ್ಲಾಳ್‌ಬಾಗ್‌ನ ಗ್ಯಾಲರಿಗಳಲ್ಲಿ ಪ್ರದರ್ಶನ ಇದ್ದಾಗ ಒಂದು ಸುತ್ತು ಹೋಗಿ ಬನ್ನಿ. ಮಂಗಳೂರಿನ ಮಹಾಲಸಾ, ಉಡುಪಿಯ ಚಿತ್ರಕಲಾ ಮಂದಿರದಲ್ಲಿ ಕಲಿತವರು ಈ ಎರಡೂ ಜಿಲ್ಲೆಯಲ್ಲಿ ತುಂಬ ಜನ ಇದ್ದಾರೆ. ಒಬ್ಬರನ್ನು ಕೇಳಿದರೆ "ಮನೆ ಚಿತ್ರಕ್ಕಾದರೆ ಇಂಥವರ ಹತ್ತಿರ ಹೋಗಿ" ಅಂತ ಅವರೇ ಹೇಳುತ್ತಾರೆ.

ಕುಂಚಕಾಪು · ಕಾಪು

ನಾನು ಇದೇ ಕೆಲಸ ಮಾಡಿ ಬದುಕುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಅಳತೆ, ಮಾಧ್ಯಮ, ಚಿತ್ರದಲ್ಲಿ ಏನೇನು ಬರಬೇಕು, ಯಾವ ತಾರೀಕಿಗೆ ಬೇಕು, ಎಲ್ಲಿ ತೂಗುಹಾಕುತ್ತೀರಿ. ಇಷ್ಟು ಗೊತ್ತಾಗದೆ ನಮಗೆ ರೇಟು ಹೇಳಲು ಆಗುವುದಿಲ್ಲ. ಅಳತೆ ತಿಳಿಯದಿದ್ದರೆ ಹಳೇ ದಿನಪತ್ರಿಕೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕೂತು ನೋಡಿ. ಕೈಯಲ್ಲಿ ಹಿಡಿದಾಗ ದೊಡ್ಡದು ಅನ್ನಿಸುವ 12×16 ಇಂಚು ಚಾವಡಿಯ ಗೋಡೆಗೆ ಹೋದಾಗ ಸಣ್ಣದಾಗುತ್ತದೆ.

ಇನ್ನು ನಿಮ್ಮ ಮನೆಯ ವಿಷಯ. ನನ್ನ ಹತ್ತಿರ ಇಂಥ ಕೆಲಸ ಬಂದರೆ ನಾನು ಮೊದಲು ಕೇಳುವುದು, ಯಾವ ಕಾಲದ ಮನೆ ಅಂತ. ಐವತ್ತು ವರ್ಷದಲ್ಲಿ ಮನೆ ಒಂದೇ ತರ ಇರುವುದಿಲ್ಲ ಅಲ್ವಾ? ಮಣ್ಣಿನ ನೆಲ ಸಿಮೆಂಟ್ ಆಗುತ್ತದೆ, ಜಗಲಿಗೆ ಗ್ರಿಲ್ ಬರುತ್ತದೆ, ಹಟ್ಟಿಗೆ ಸೋಗೆ ಹೋಗಿ ಶೀಟು ಬರುತ್ತದೆ. ನಿಮ್ಮ ಮೂರು ಫೋಟೋ ಮೂರು ಕಾಲದ್ದಾಗಿರಬಹುದು. ಹಾಗೇ ಸೇರಿಸಿ ಬರೆದರೆ, ಯಾವತ್ತೂ ಇಲ್ಲದ ಒಂದು ಮನೆ ಆಗುತ್ತದೆ. ನೋಡಿದ ಕೂಡಲೇ ಅಮ್ಮನಿಗೆ ಗೊತ್ತಾಗುತ್ತದೆ.

ಯಾವ ತಿಂಗಳು ಅನ್ನುವುದನ್ನೂ ಹೇಳಿ. ಮಳೆಗಾಲದಲ್ಲಿ ಅಂಗಳದಲ್ಲಿ ಪಾಚಿ, ಜಗಲಿಗೆ ಮಡಲಿನ ತಟ್ಟಿ. ಬೇಸಿಗೆಯಲ್ಲಿ ಅಂಗಳ ತುಂಬ ಅಡಿಕೆ. ಬೆಳಕು ಬೇರೆ, ಬಣ್ಣ ಬೇರೆ.

ಕೆಲಸದ ಕ್ರಮ ಹೀಗೆ. ನಾನು ಅಂಗೈ ಅಗಲದ ಎರಡು ಮೂರು ಪೆನ್ಸಿಲ್ ರಫ್ ಮಾಡಿ ಕಳಿಸುತ್ತೇನೆ. ಯಾವ ಕಡೆಯಿಂದ ನೋಡಿದ ಹಾಗೆ ಇರಬೇಕು ಅಂತ ಅದರಲ್ಲಿ ತೀರ್ಮಾನ. ಒಂದನ್ನು ಆರಿಸಿದ ಮೇಲೆ ಅದನ್ನು ದೊಡ್ಡದಾಗಿ, ಬಾಗಿಲು ಕಿಟಕಿ ಲೆಕ್ಕ ಸಮೇತ ಬರೆಯುತ್ತೇನೆ. ಮನೆಯವರೆಲ್ಲ ಸೇರಿ ನೋಡಬೇಕಾದದ್ದು ಈ ಹಂತದಲ್ಲಿ. "ಬಾವಿ ಇನ್ನೂ ಎಡಕ್ಕೆ", "ಮಾಡು ಇಷ್ಟು ತಗ್ಗು ಇರಲಿಲ್ಲ", ಎಲ್ಲ ಇಲ್ಲೇ ಹೇಳಿ. ಎಷ್ಟು ಹೇಳಿದರೂ ನನಗೆ ಬೇಸರ ಇಲ್ಲ, ರಬ್ಬರಿನಲ್ಲಿ ಅಳಿಸಿದರೆ ಮುಗಿಯಿತು. ಬಣ್ಣ ಹತ್ತಿದ ಮೇಲೆ ಬಾವಿ ಸರಿಸಲು ಆಗುವುದಿಲ್ಲ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದದ್ದೇ ಬಿಳಿ. ಒಮ್ಮೆ ಮುಚ್ಚಿದರೆ ಆ ಹೊಳಪು ವಾಪಸ್ ಬರುವುದಿಲ್ಲ. ಎಣ್ಣೆ ಬಣ್ಣದಲ್ಲಿ ಮೇಲಿಂದ ಹಚ್ಚಬಹುದು, ಆದರೆ ಕೆಳಗಿನ ಪದರ ಒಣಗುವ ತನಕ ಕಾಯಬೇಕು.

ಹಾಗಾಗಿ ರಫ್‌ನಲ್ಲಿ ಬದಲಾವಣೆಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಬಣ್ಣದ ಮೇಲೆ ತೆಗೆದುಕೊಳ್ಳುತ್ತೇನೆ. ಇದನ್ನು ಮೊದಲೇ ಬರೆದು ಕಳಿಸುತ್ತೇನೆ.

ಬಿಚ್ಚಿದ ಹೆಂಚು ಒಂದಾದರೂ ಉಳಿದಿದ್ದರೆ ಬರೆಯುವವರಿಗೆ ಕೊಂಡುಹೋಗಿ ಕೊಡಿ. ಹಳೇ ಫೋಟೋದ ಕೆಂಪು ನಂಬುವ ಹಾಗಿಲ್ಲ, ಪ್ರಿಂಟೇ ಕೆಂಪಿಗೆ ತಿರುಗಿರುತ್ತದೆ.

ಅಂಗಳದಮನೆ · ಹಿರಿಯಡ್ಕ

ತುಂಬ ಉಪಕಾರ ಆಯಿತು. ಹೆಂಚು ಉಂಟು, ಬಚ್ಚಲ ಹಿಂದೆ ಪೇರಿಸಿ ಇಟ್ಟಿದ್ದೇವೆ. ಯಾವ ಕಾಲದ್ದು ಅಂತ ನಾವು ಯೋಚನೆಯೇ ಮಾಡಿರಲಿಲ್ಲ. ಅಣ್ಣನಿಗೆ ಗ್ರಿಲ್ ಇರುವ ಜಗಲಿ ನೆನಪು, ಅಕ್ಕನಿಗೆ ಅದಕ್ಕೂ ಮೊದಲಿನದ್ದು. ಕೂತು ಮಾತಾಡಬೇಕು.

ಚೌಕುಳಿ · ಕಟೀಲು

ಕುಂಚಕಾಪು ಅವರು ರಫ್ ಬಗ್ಗೆ ಹೇಳಿದ್ದಕ್ಕೆ ನಮ್ಮ ಮನೆಯ ಒಂದು ಉದಾಹರಣೆ.

ನಮ್ಮ ಅಜ್ಜ ಯಕ್ಷಗಾನದ ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ವೇಷ ಮಾಡುತ್ತಿದ್ದವರು. ಅವರ ರಾಜವೇಷದ ಚಿತ್ರ ಬರೆಸಬೇಕು ಅಂತ ಒಬ್ಬ ಹುಡುಗನಿಗೆ ಹೇಳಿದೆವು. ಕೈ ಬಹಳ ಚಂದ, ಆದರೆ ಆಟ ನೋಡಿ ಬೆಳೆದವನಲ್ಲ. ಅಜ್ಜನ ಮುಖದ ಫೋಟೋ ಕೊಟ್ಟೆವು, ವೇಷಕ್ಕೆ ಅವನೇ ಮೊಬೈಲಿನಲ್ಲಿ ಹುಡುಕಿದ. ರಫ್ ಬಂತು. ಅಜ್ಜನ ತಲೆಯ ಮೇಲೆ ಬಡಗಿನ (ಉತ್ತರದ ಶೈಲಿಯ) ಮುಂಡಾಸು, ಸೊಂಟಕ್ಕೆ ಬಡಗಿನ ಚೌಕುಳಿ ಸೀರೆಯ ಕಸೆ! ತೆಂಕಿನ ರಾಜವೇಷಕ್ಕೆ ಕಿರೀಟ. ಉಡುಪಿ ಕುಂದಾಪುರದ ಕಡೆಯ ಫೋಟೋಗಳು ಮೊದಲು ಸಿಕ್ಕಿವೆ, ಪಾಪ, ಅವನಿಗೆ ಎರಡೂ ಯಕ್ಷಗಾನವೇ.

ಹುಡುಗನನ್ನು ಒಂದು ರಾತ್ರಿ ಆಟಕ್ಕೆ ಕರೆದುಕೊಂಡು ಹೋದೆವು. ಚೌಕಿಯಲ್ಲಿ ಕೂರಿಸಿ ವೇಷ ಕಟ್ಟುವುದನ್ನು ತೋರಿಸಿದೆವು. ಭುಜಕೀರ್ತಿ ಎಲ್ಲಿಗೆ ಬರುತ್ತದೆ, ಎದೆಕಟ್ಟು ಹೇಗೆ ಕೂರುತ್ತದೆ, ಎಲ್ಲ ಸ್ಕೆಚ್ ಪುಸ್ತಕದಲ್ಲಿ ಬರೆದುಕೊಂಡ. ಬಣ್ಣದಲ್ಲಿ ಮುಗಿದು ಬಂದಾಗ ಅಜ್ಜನ ಜೊತೆ ವೇಷ ಮಾಡಿದ ಹಿರಿಯರೊಬ್ಬರು ನೋಡಿ, ಕಿರೀಟ ಸ್ವಲ್ಪ ಹಿಂದಕ್ಕೆ ಬಾಗಿದ್ದು ಅವರದ್ದೇ ಅಭ್ಯಾಸ ಅಂದರು. ಅದು ಫೋಟೋದಲ್ಲಿ ಇತ್ತು, ಹುಡುಗ ಬಿಟ್ಟಿರಲಿಲ್ಲ.

ನಮ್ಮ ಕಡೆಯ ವಿಷಯ ಬರೆಸುವಾಗ ಮಾದರಿ ಫೋಟೋ ನೀವೇ ಕೊಡಿ. ಹುಡುಕಿಕೊಳ್ಳಿ ಅಂತ ಬಿಡಬೇಡಿ.

ಲೆಕ್ಕಪುಸ್ತಕ · ಸುರತ್ಕಲ್

ಎಲ್ಲ ಸರಿ, ದುಡ್ಡಿನ ಮಾತು ಯಾರೂ ಬಿಡಿಸಿ ಹೇಳಲಿಲ್ಲ. ನನ್ನ ಅನುಭವ ಕಹಿ. ಮಗಳ ನೃತ್ಯದ ಚಿತ್ರಕ್ಕೆ ಒಬ್ಬರಿಗೆ ಪೂರ್ತಿ ಹಣ ಮೊದಲೇ ಗೂಗಲ್ ಪೇ ಮಾಡಿದೆ. ಅವರು ಹಾಗೆಯೇ ಕೇಳಿದರು. ಆಮೇಲೆ ಇವತ್ತು ನಾಳೆ ಅಂತ ಹೇಳುತ್ತಾ ಕೊನೆಗೆ ಫೋನ್ ಎತ್ತುವುದೇ ನಿಲ್ಲಿಸಿದರು. ಚಿತ್ರವೂ ಇಲ್ಲ, ಹಣವೂ ಇಲ್ಲ. ಅಡ್ವಾನ್ಸ್ ಕೊಡುವುದೇ ಬೇಡ ಅಂತ ನನ್ನ ಅಭಿಪ್ರಾಯ.

ಕುಂಚಕಾಪು · ಕಾಪು

ನಿಮಗೆ ಹಾಗೆ ಆದದ್ದು ಕೇಳಿ ನಿಜವಾಗಿಯೂ ಬೇಸರ ಆಯಿತು ಸರ್. ಹಾಗೆ ಮಾಡುವವರಿಂದ ನಮಗೂ ಹೊಡೆತ. ಆದರೆ ಅಡ್ವಾನ್ಸ್ ಇಲ್ಲದೆ ಶುರು ಮಾಡಿ ಅಂದರೆ ನಮಗೆ ಆಗುವುದಿಲ್ಲ. ನಿಮ್ಮ ಮಗಳ ಚಿತ್ರ ನೀವು ತೆಗೆದುಕೊಳ್ಳದಿದ್ದರೆ ಬೇರೆ ಯಾರಿಗೆ ಮಾರುವುದು?

ಕಂತು ಮಾಡಿಕೊಳ್ಳಿ. ನಾನು ಒಟ್ಟು ಹಣದ 30 ಪರ್ಸೆಂಟ್ ರಫ್‌ಗೆ ಮೊದಲು ಕೇಳುತ್ತೇನೆ, 40 ರಫ್ ಒಪ್ಪಿದ ಮೇಲೆ, ಉಳಿದ 30 ಮುಗಿದ ಚಿತ್ರ ನೋಡಿದ ಮೇಲೆ. ಕೆಲವರು ಅರ್ಧ ಅರ್ಧ ಮಾಡುತ್ತಾರೆ, ಅದೂ ಸರಿ. ರಫ್ ನೋಡಿ "ಬೇಡ" ಅಂತ ನೀವು ಹೇಳಿದರೆ ಮೊದಲ ಕಂತು ನನಗೆ, ಮುಂದಿನದ್ದು ನೀವು ಕೊಡುವ ಹಾಗಿಲ್ಲ. ನಾನೇ ಕೈಬಿಟ್ಟರೆ ಪೂರ್ತಿ ವಾಪಸ್. ಯಾರೇ ಆಗಲಿ, ಒಂದು ಗೆರೆಯನ್ನೂ ತೋರಿಸದೆ ಪೂರ್ತಿ ಹಣ ಕೇಳಿದರೆ ಕೊಡಬೇಡಿ.

ಲೆಕ್ಕಪುಸ್ತಕ · ಸುರತ್ಕಲ್

ಕಂತಿನ ಮಾತು ಒಪ್ಪುತ್ತೇನೆ. ಒಟ್ಟು ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತೀರಿ, ಅದನ್ನೂ ಹೇಳಿಬಿಡಿ.

ಕುಂಚಕಾಪು · ಕಾಪು

ತುಂಬ ಜನ ಚದರ ಇಂಚಿನ ಲೆಕ್ಕ ಹಿಡಿಯುತ್ತಾರೆ. 18×24 ಇಂಚು ಅಂದರೆ 432 ಚದರ ಇಂಚು. ಒಂದು ಇಂಚಿಗೆ 30 ರೂಪಾಯಿ ಅಂತ ಇಟ್ಟುಕೊಂಡರೆ 12,960 ರೂಪಾಯಿ. 30 ಅನ್ನುವುದು ಉದಾಹರಣೆಗೆ ಮಾತ್ರ, ಇದಕ್ಕಿಂತ ಕಡಿಮೆಗೆ ಮಾಡುವವರೂ ಇದ್ದಾರೆ, ಇದರ ಹತ್ತು ಪಟ್ಟು ಕೇಳುವವರೂ ಇದ್ದಾರೆ.

ಸಣ್ಣ ಚಿತ್ರಕ್ಕೆ ಈ ಲೆಕ್ಕ ಸೋಲುತ್ತದೆ. 6×8 ಇಂಚಿಗೆ ಇದೇ ರೇಟಿನಲ್ಲಿ 1,440 ಆಯಿತು. ಆದರೆ ಸಣ್ಣ ಮುಖದಲ್ಲಿ ಹೋಲಿಕೆ ತರಲು ದೊಡ್ಡದರಷ್ಟೇ ಹೊತ್ತು ಬೇಕು. ಅದಕ್ಕೆ ಹೆಚ್ಚಿನವರು ಇಷ್ಟಕ್ಕಿಂತ ಕಡಿಮೆಗೆ ಮಾಡುವುದಿಲ್ಲ ಅಂತ ಒಂದು ಮೊತ್ತ ಇಟ್ಟಿರುತ್ತಾರೆ. ಒಂದೇ ಅಳತೆಯಲ್ಲಿ ಮಲ್ಪೆ ಕಡಲಿನ ಸಂಜೆ ಬರೆಯುವುದಕ್ಕೂ, ಸಾಲು ಸಾಲು ಹೆಂಚಿರುವ ಮನೆ ಬರೆಯುವುದಕ್ಕೂ ಹೊತ್ತು ಬೇರೆ. ನಾನು ದಿನದ ಲೆಕ್ಕ ಹಾಕುತ್ತೇನೆ, ಸಾಮಾನಿನ ಖರ್ಚು ಬೇರೆಯಾಗಿ ತೋರಿಸುತ್ತೇನೆ.

ನಿಮ್ಮ ಕೈಯಲ್ಲಿ ಎಷ್ಟು ಉಂಟು ಅಂತ ಮೊದಲೇ ಹೇಳಿದರೆ ಒಳ್ಳೆಯದು. ಅದಕ್ಕೆ ಸರಿಯಾಗಿ ಅಳತೆ ಕಡಿಮೆ ಮಾಡಬಹುದು, ಎಣ್ಣೆ ಬಣ್ಣದ ಬದಲು ಪೆನ್ ಮತ್ತು ಜಲವರ್ಣದಲ್ಲಿ ಮಾಡಬಹುದು. ಎಲ್ಲ ಒಪ್ಪಿ, ರೇಟು ಹೇಳಿದ ಮೇಲೆ ಅರ್ಧಕ್ಕೆ ಇಳಿಸಿ ಅಂದರೆ ಮನಸ್ಸಿಗೆ ನೋವಾಗುತ್ತದೆ.

ಮೊದಲಗೆರೆ · ಮಂಗಳೂರು

ನಾನು ಚಿತ್ರಕಲೆ ಓದುತ್ತಿರುವವಳು. ನನ್ನದು ಇನ್ನೊಂದು ಬದಿಯ ಪ್ರಶ್ನೆ. ನೆಂಟರು, ಅಪ್ಪನ ಸ್ನೇಹಿತರು "ನಮ್ಮ ಮನೆಗೂ ಒಂದು ಮಾಡಿಕೊಡು ಮಗಾ" ಅನ್ನುತ್ತಾರೆ. ಕ್ಯಾನ್ವಾಸ್ ದುಡ್ಡು ಕೂಡ ಕೊಡುವುದಿಲ್ಲ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಏನು ಮಾಡಲಿ?

ರಥಬೀದಿ · ಉಡುಪಿ

ತಂಗೀ, ಒಂದು ಕಾಗದದಲ್ಲಿ ಅಳತೆ ಮತ್ತು ರೇಟು ಬರೆದು ಫೋಟೋ ತೆಗೆದು ಇಟ್ಟುಕೊ. ಯಾರು ಕೇಳಿದರೂ "ಆಯ್ತು ಮಾವ, ಇದರಲ್ಲಿ ಯಾವ ಅಳತೆ ಬೇಕು ನೋಡಿ" ಅಂತ ವಾಟ್ಸಾಪ್ ಮಾಡು. ಬೇಕಾದವರು ಆರಿಸುತ್ತಾರೆ. ಸುಮ್ನೆ ಕೇಳಿದವರು ಅಲ್ಲಿಗೆ ಬಿಡುತ್ತಾರೆ. ನೆಂಟಸ್ತಿಕೆಯೂ ಕೆಡುವುದಿಲ್ಲ.

ಹತ್ತಿರದವರಿಗೆ ಉಡುಗೊರೆಯಾಗಿ ಕೊಡಬೇಕು ಅನ್ನಿಸಿದರೆ ಕೊಡು, ಅದು ನಿನ್ನ ಇಷ್ಟ. ಆದರೆ ಅವರು ಕೇಳಿದ ಹಾಗೆ ಬದಲಾಯಿಸುತ್ತಾ ಕೂರಬೇಡ.

ಕುಂಚಕಾಪು · ಕಾಪು

ಹೌದು. ಸಾಮಾನಿನ ಖರ್ಚಂತೂ ಯಾರ ಹತ್ತಿರವೂ ಬಿಡಬೇಡ. ಚಿತ್ರದ ಮೂಲೆಯಲ್ಲಿ ಹೆಸರು, ಇಸವಿ ಬರೆಯುವುದನ್ನೂ ಬಿಡಬೇಡ. ಹಿಂದೆ ಯಾವ ಬಣ್ಣ, ಯಾವ ಕಾಗದ ಅಂತ ಪೆನ್ಸಿಲ್‌ನಲ್ಲಿ ಬರೆದಿಡು. ಇಪ್ಪತ್ತು ವರ್ಷದ ಮೇಲೆ ರಿಪೇರಿ ಮಾಡುವವರಿಗೆ ಅದು ಬೇಕಾಗುತ್ತದೆ.

ಕೊಡಿಯಾಲ್‌ಬೈಲ್ ವಕೀಲ · ಮಂಗಳೂರು

ಹಕ್ಕಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ. "ಚಿತ್ರ ನಿಮ್ಮದು, ಕಾಪಿರೈಟ್ ಯಾವತ್ತೂ ಕಲಾವಿದನದ್ದು" ಅಂತ ತುಂಬ ಕಡೆ ಓದಿರುತ್ತೀರಿ. ಅದು ಬೇರೆ ದೇಶದ ಕಾನೂನು ನೋಡಿ ಬರೆದದ್ದು.

ನಮ್ಮಲ್ಲಿ ಇರುವುದು 1957ರ ಕೃತಿಸ್ವಾಮ್ಯ ಕಾಯಿದೆ. ಅದರ 17ನೇ ಕಲಂ ಪ್ರಕಾರ ಸಾಮಾನ್ಯವಾಗಿ ಕೃತಿ ಮಾಡಿದವರೇ ಮೊದಲ ಮಾಲೀಕರು. ಆದರೆ ಹಣ ಕೊಟ್ಟು ಹೇಳಿ ಮಾಡಿಸಿದ ಪೇಂಟಿಂಗ್, ಭಾವಚಿತ್ರ, ಫೋಟೋಗಳಿಗೆ ಬೇರೆ ನಿಯಮ. ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಮೊದಲ ಮಾಲೀಕರು. ಅಂದರೆ ಏನೂ ಬರೆದುಕೊಳ್ಳದೆ ಚಿತ್ರ ಕೊಟ್ಟರೆ ಕಲಾವಿದರು ಅದರ ಪ್ರಿಂಟ್ ಮಾಡಿ ಮಾರುವ ಹಾಗಿಲ್ಲ. ಪ್ರಿಂಟ್ ಮಾರುವ ಯೋಚನೆ ಇರುವ ಕಲಾವಿದರು ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಬೇಕು. ಲೋಗೋ, ಪುಸ್ತಕದ ಒಳಚಿತ್ರ, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಇವೆಲ್ಲ "ಪೇಂಟಿಂಗ್" ಅನ್ನುವ ಮಾತಿನ ಒಳಗೆ ಬರುತ್ತವೋ ಇಲ್ಲವೋ ಅಂತ ವಾದ ಮಾಡಲು ಜಾಗ ಉಂಟು. ಅಂಥ ಕೆಲಸಕ್ಕೆ ಬರವಣಿಗೆ ಇನ್ನೂ ಮುಖ್ಯ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೂ, ಜಾಗ ಬರೆಯದಿದ್ದರೆ ಭಾರತದೊಳಗೆ ಅಂತಲೂ 19ನೇ ಕಲಂ ತಿಳಿದುಕೊಳ್ಳುತ್ತದೆ.

ಇಷ್ಟಾದರೂ ಕಲಾವಿದರ ಹೆಸರು ಅಳಿಸುವ, ಚಿತ್ರವನ್ನು ವಿರೂಪ ಮಾಡುವ ಹಕ್ಕು ಕೊಂಡವರಿಗೆ ಬರುವುದಿಲ್ಲ. ಅದು 57ನೇ ಕಲಂ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. ಸರ್ಕಾರವೇ ಮಾಡಿಸಿದ್ದು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಉಳಿದ ತುಂಡುಗಳನ್ನು ವಾಪಸ್ ಕೊಡಲು ಹೇಳಿತು.

ಮನೆಯ ಒಂದು ಚಿತ್ರಕ್ಕೆ ಛಾಪಾ ಕಾಗದ ಬೇಕಿಲ್ಲ. ಎರಡೂ ಕಡೆಯವರು "ಒಪ್ಪಿಗೆ" ಅಂತ ಉತ್ತರ ಕೊಟ್ಟ ಒಂದು ಮೆಸೇಜು ಇದ್ದರೆ, ನಾಳೆ ಮಾತು ಬಂದಾಗ ತೋರಿಸಲು ಏನಾದರೂ ಇರುತ್ತದೆ. ಹಕ್ಕನ್ನೇ ಬರೆದುಕೊಡುವುದಾದರೆ ಮಾತ್ರ ಕಾಗದ, ಸಹಿ ಬೇಕು.

ಮೊದಲಗೆರೆ · ಮಂಗಳೂರು

ವಕೀಲರೇ, ಒಂದು ಸಂಶಯ. ಒಬ್ಬರು ಕೆ.ಕೆ. ಹೆಬ್ಬಾರರ ರೇಖೆಯ ಹಾಗೆ ನೃತ್ಯದ ಚಿತ್ರ ಮಾಡಿಕೊಡು ಅಂತ ಕೇಳಿದ್ದಾರೆ. ಮಾಡಬಹುದಾ?

ಕೊಡಿಯಾಲ್‌ಬೈಲ್ ವಕೀಲ · ಮಂಗಳೂರು

ಶೈಲಿಗೆ ಕಾಪಿರೈಟ್ ಇಲ್ಲ, ಅವರ ಒಂದೊಂದು ಚಿತ್ರಕ್ಕೆ ಇದೆ. ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಅಂದರೆ 2056ರ ಕೊನೆಯ ತನಕ. ಅವರ ಚಿತ್ರ ಎದುರಿಗಿಟ್ಟುಕೊಂಡು ಅದರಂತೆಯೇ ಬರೆದು ಮಾರಬೇಡಿ. ಅವರನ್ನು ನೋಡಿ ಕಲಿತ ಗೆರೆಯಲ್ಲಿ ನಿಮ್ಮದೇ ನರ್ತಕಿಯನ್ನು ಬರೆಯಲು ಅಡ್ಡಿ ಇಲ್ಲ.

ಕುಂಚಕಾಪು · ಕಾಪು

ಹೆಬ್ಬಾರರು ನಮ್ಮ ಕಟ್ಟಿಂಗೇರಿಯವರು. ಆ ಗೆರೆಯ ಹಿಂದೆ ಅವರು ನೃತ್ಯ ಕಲಿತ ಶ್ರಮ ಉಂಟು. ಕೇಳಿದವರಿಗೆ ನಿನ್ನ ಕೈಯ ಎರಡು ರೇಖಾಚಿತ್ರ ಮಾಡಿ ತೋರಿಸು. ಅದು ಇಷ್ಟ ಆದರೆ ಮುಂದುವರಿ.

ಊಟದಮನೆ · ಮಣಿಪಾಲ

ನಮ್ಮದು ಹೊಸ ಹೋಟೆಲು. ಒಳಗಿನ ದೊಡ್ಡ ಗೋಡೆಗೆ ಭೂತಕೋಲದ ಚಿತ್ರ ಬರೆಸಬೇಕು ಅಂತ ಇದ್ದೇವೆ. ಇಬ್ಬರು ಕಲಾವಿದರು "ಆಗುವುದಿಲ್ಲ" ಅಂದರು, ಕಾರಣ ಹೇಳಲಿಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಅಂತಲೂ ಅಂದರು.

ಚೌಕುಳಿ · ಕಟೀಲು

ಅವರು ಹೇಳದ ಕಾರಣ ನಾನು ಹೇಳುತ್ತೇನೆ. ದೈವ ಅಂದರೆ ನಮಗೆ ನಂಬಿಕೆ, ಮನೆತನದ ಹರಕೆ. ಅಣಿ (ದೈವದ ಅಲಂಕಾರದ ಚೌಕಟ್ಟು) ಕಟ್ಟಿ ನಿಂತಾಗ ನಾವು ಕೈ ಮುಗಿದು ನಿಲ್ಲುತ್ತೇವೆ. ಅದರ ಕೆಳಗೆ ಎಂಜಲು ತಟ್ಟೆ, ಕೈ ತೊಳೆಯುವ ಜಾಗ ಬಂದರೆ ತುಂಬ ಜನಕ್ಕೆ ಸಹಿಸಲು ಆಗುವುದಿಲ್ಲ. ಬರೆಯುವವರ ಮನೆಯಲ್ಲೂ ದೈವ ಉಂಟು. ದಯವಿಟ್ಟು ಒತ್ತಾಯ ಮಾಡಬೇಡಿ.

ಕುಂಚಕಾಪು · ಕಾಪು

ನಾನೂ ಒಪ್ಪುವುದಿಲ್ಲ. ಹೋಟೆಲಿನ ಗೋಡೆಗೆ ಕಂಬಳದ ಕೋಣಗಳು, ಮಲ್ಪೆ ಬಂದರಿನ ದೋಣಿ, ಕಾಪು ದೀಪಸ್ತಂಭ, ಮೀನು ಮಾರುಕಟ್ಟೆ ಏನೂ ಆಗುತ್ತದೆ. ಇಲ್ಲಿಯದ್ದೇ ಬೇಕು ಅಂದರೆ ಕಾವಿ ಕಲೆ ಉಂಟು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿ ತೋರಿಸುವ ಕೆಲಸ. ಕೊಂಕಣ ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ನೋಡಬಹುದು. ಅಸಲಿ ವಿಧಾನದಲ್ಲಿ ಮಾಡಬೇಕಾದರೆ ಗೋಡೆಗೆ ಸುಣ್ಣದ ಗಾರೆಯೇ ಬೇಕು. ಸಿಮೆಂಟ್ ಗೋಡೆಯ ಮೇಲೆ ಅಕ್ರಿಲಿಕ್‌ನಲ್ಲಿ ಅದೇ ವಿನ್ಯಾಸ ಬರೆಯುವವರೂ ಇದ್ದಾರೆ. ಯಾವುದು ಮಾಡುತ್ತಾರೆ ಅಂತ ಕೇಳಿ ಹಣ ಮಾತಾಡಿ.

ಹೊಸ ಸಿಮೆಂಟ್ ಗೋಡೆಯಾದರೆ ಗಾರೆ ಆಗಿ ನಾಲ್ಕು ವಾರ ಆದರೂ ಬಿಡಿ. ಹಸಿ ಗೋಡೆಯ ಮೇಲೆ ಬರೆದರೆ ಉಪ್ಪು ಹೊರಬಂದು ಬಣ್ಣ ಎದ್ದುಹೋಗುತ್ತದೆ.

ಊಟದಮನೆ · ಮಣಿಪಾಲ

ಅರ್ಥ ಆಯಿತು. ನಾವು ಹೊರಗಿನವರು, ಹೀಗೆ ಅಂತ ತಿಳಿದಿರಲಿಲ್ಲ. ಕಾವಿ ವಿನ್ಯಾಸದ ಬಗ್ಗೆ ವಿಚಾರಿಸುತ್ತೇನೆ.

ಕಟ್ಟುಗಾಜು · ಕಾರ್‌ಸ್ಟ್ರೀಟ್

ನಾನು ಚಿತ್ರಗಳಿಗೆ ಕಟ್ಟು ಹಾಕುವವನು. ಹಿರಿಯಡ್ಕದ ಅಕ್ಕನಿಗೆ ಮಳೆಗಾಲದ ವಿಷಯ ಹೇಳಬೇಕು.

ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದ ಚಿತ್ರ ಹಿಡಿದುಕೊಂಡು ಜನ ಬರುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಾಗಿ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ಕಾಗದದ ಅಂಚು) ಇರುವುದಿಲ್ಲ, ಕಾಗದ ನೇರ ಗಾಜಿಗೆ ತಾಗಿರುತ್ತದೆ. ಒಳಗಿನ ಪಸೆ ಗಾಜಿನ ಮೇಲೆ ನೀರಾಗಿ ಚಿತ್ರಕ್ಕೇ ಇಳಿಯುತ್ತದೆ. ಜಲವರ್ಣ ಆದರೆ ಆಮ್ಲ ಇಲ್ಲದ ದಪ್ಪ ಮೌಂಟ್ ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಬಿಡಿಸಿ. ಹಿಂದೆ ಬರೀ ರಟ್ಟು ಬೇಡ, ಸರಿಯಾದ ಹಲಗೆ ಹಾಕಿಸಿ ಅಂಚಿಗೆ ಟೇಪು ಹಚ್ಚಿಸಿ. ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ತುಂಡು ಅಂಟಿಸಿದರೆ ಕಟ್ಟು ಗೋಡೆಗೆ ಅಂಟುವುದಿಲ್ಲ, ಗಾಳಿ ಆಡುತ್ತದೆ. ಮೊಳೆ, ಕೊಕ್ಕೆ ಸ್ಟೀಲಿನದ್ದೇ ಇರಲಿ, ಕಡಲ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ.

ಪಡು ಬದಿಯ ಹೊರಗೋಡೆಗೆ ತೂಗುಹಾಕಬೇಡಿ. ಮಳೆ ಹೊಡೆಯುವುದು ಅದೇ ಕಡೆಯಿಂದ, ಗೋಡೆ ಒಳಗಿನಿಂದ ತಣ್ಣಗಿರುತ್ತದೆ. ನೇರ ಬಿಸಿಲು ಬೀಳುವ ಜಾಗವೂ ಬೇಡ.

ಕುಂಚಕಾಪು · ಕಾಪು

ಇವರು ಹೇಳಿದ್ದು ಚಿನ್ನದ ಮಾತು. ಎಣ್ಣೆ ಬಣ್ಣದ ಬಗ್ಗೆ ನನ್ನದೊಂದು ಸೇರಿಸುತ್ತೇನೆ. ಅದು ನೀರಿನ ಹಾಗೆ ಆರಿ ಒಣಗುವುದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು. ಮಳೆಗಾಲದಲ್ಲಿ ಇನ್ನೂ ನಿಧಾನ. ದಪ್ಪಗೆ ಹಚ್ಚಿದ್ದು ತಿಂಗಳುಗಟ್ಟಲೆ ಒಳಗೆ ಹಸಿ ಇರುತ್ತದೆ. ಕೊನೆಯ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಬೇಕು. ಡಿಸೆಂಬರ್‌ಗೆ ಬೇಕು ಅಂತ ಅಕ್ಟೋಬರ್‌ನಲ್ಲಿ ಎಣ್ಣೆ ಬಣ್ಣ ಕೇಳಿದರೆ ಹಸಿ ಚಿತ್ರವೇ ಕೈಗೆ ಬರುತ್ತದೆ. ಅವಸರ ಇದ್ದರೆ ಅಕ್ರಿಲಿಕ್ ಅಥವಾ ಜಲವರ್ಣ ಸಾಕು.

ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಮಾಧ್ಯಮ ಆರಿಸಬೇಕು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ 1899ರಿಂದ 1901ರ ಹೊತ್ತಿಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಕೆಲಸ ಮಾಡಿದರಲ್ಲ, ಅಲ್ಲಿ ಗೋಡೆಗೆ ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದದ್ದು. ಮೇಲಿನ ಛಾವಣಿಗೆ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಒಂದೇ ಕಟ್ಟಡದಲ್ಲಿ ಎರಡು ವಿಧಾನ. ಹೋದಾಗ ಕುತ್ತಿಗೆ ಎತ್ತಿ ನೋಡಿ.

ಲೆಕ್ಕಪುಸ್ತಕ · ಸುರತ್ಕಲ್

ಈಗ ಎಐ ಇದೆಯಲ್ಲ. ಕೈಯಲ್ಲಿ ಬರೆದದ್ದು ಅಂತ ಹೇಳಿ ಅದರಲ್ಲಿ ಮಾಡಿ ಕೊಟ್ಟರೆ ನಮಗೆ ಹೇಗೆ ಗೊತ್ತಾಗುವುದು?

ಮೊದಲಗೆರೆ · ಮಂಗಳೂರು

ಮೊದಲೇ ಕೇಳಿ ಸರ್, ತಪ್ಪೇನಿಲ್ಲ. ಪೆನ್ಸಿಲ್ ರಫ್, ಅರ್ಧ ಬಣ್ಣ, ಮುಕ್ಕಾಲು ಬಣ್ಣ, ಹೀಗೆ ನಡುನಡುವೆ ಫೋಟೋ ಕಳಿಸಿ ಅಂತ ಹೇಳಿ. ಕಂಪ್ಯೂಟರಿನಲ್ಲಿ ಬರೆಯುವವರಾದರೆ ಲೇಯರ್‌ಗಳಿರುವ ಫೈಲು ತೆರೆದು ತೋರಿಸಲಿ. ನಾವು ಕೈಯಲ್ಲಿ ಕೆಲಸ ಮಾಡುವವರು, ತೋರಿಸಲು ನಮಗೆ ಖುಷಿಯೇ.

ಅಲ್‌ಕರಾಮ · ದುಬೈ (ಊರು ಬ್ರಹ್ಮಾವರ)

ನನಗೂ ಅಮ್ಮನ ಭಾವಚಿತ್ರ ಬರೆಸಬೇಕು, ಇಲ್ಲಿಗೆ ತರಿಸಬೇಕು. ಕ್ಯಾನ್ವಾಸ್ ಕಳಿಸಲು ಆಗುತ್ತದಾ, ಅಥವಾ ಫೈಲು ತರಿಸಿ ಇಲ್ಲೇ ಪ್ರಿಂಟ್ ಮಾಡಿಸಲಾ?

ಕುಂಚಕಾಪು · ಕಾಪು

ಅಕ್ರಿಲಿಕ್‌ನಲ್ಲಿ ಮಾಡಿಸಿ ಅಣ್ಣ. ಚೆನ್ನಾಗಿ ಒಣಗಿದ ಮೇಲೆ ಬಣ್ಣದ ಬದಿ ಹೊರಗೆ ಬರುವ ಹಾಗೆ ಸುತ್ತಿ, ನಡುವೆ ನುಣುಪು ಕಾಗದ ಇಟ್ಟು, ದಪ್ಪ ಪಿವಿಸಿ ಪೈಪಿನಲ್ಲಿ ಹಾಕಿ ಕಳಿಸುತ್ತೇವೆ. ಬಣ್ಣ ಒಳಗೆ ಮಾಡಿ ಸುತ್ತಿದರೆ ಒತ್ತಿಕೊಂಡು ಸುಕ್ಕಾಗುತ್ತದೆ. ಕಟ್ಟು ಅಲ್ಲೇ ಹಾಕಿಸಿ, ಗಾಜು ಕಳಿಸುವುದು ಬೇಡ.

ಪ್ರಿಂಟ್ ಆದರೆ ಅಳತೆ ಮೊದಲೇ ಹೇಳಿ. ಎ3 ಅಳತೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಅಂದರೆ 3508×4961 ಪಿಕ್ಸೆಲ್ ಬೇಕು. ಸಣ್ಣದಾಗಿ ಮಾಡಿದ ಫೈಲನ್ನು ಆಮೇಲೆ ಎಳೆದು ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಫೈಲು ವಾಟ್ಸಾಪ್‌ನಲ್ಲಿ ಫೋಟೋ ಆಗಿ ತರಿಸಬೇಡಿ, ಅದು ಕುಗ್ಗಿಸುತ್ತದೆ. ಮೇಲ್ ಅಥವಾ ಡ್ರೈವ್ ಲಿಂಕ್ ಕೇಳಿ. ಅಮ್ಮನ ಫೋಟೋ ಕೂಡ ಹಾಗೆಯೇ ಕಳಿಸಿ. ಕಿಟಕಿಯ ಹತ್ತಿರ ಕೂರಿಸಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದು ಇದ್ದರೆ ಮುಖದ ನೆರಳು ಸರಿಯಾಗಿ ಸಿಗುತ್ತದೆ.

ಅಂಗಳದಮನೆ · ಹಿರಿಯಡ್ಕ

ಅಕ್ಕ, ಅಣ್ಣ, ನಾನು ಕೂತು ಮಾತಾಡಿ ಈ ಮೆಸೇಜು ಬರೆದೆವು. ಒಬ್ಬ ಕಲಾವಿದರಿಗೆ ಕಳಿಸುವ ಮೊದಲು ನೀವೆಲ್ಲ ಒಮ್ಮೆ ನೋಡಿ.

"ನಮಸ್ಕಾರ ಸರ್. ಪ್ರದರ್ಶನದಲ್ಲಿ ನಿಮ್ಮ ಜಲವರ್ಣದ ಬೀದಿ ಚಿತ್ರಗಳನ್ನು ನೋಡಿದ್ದೇವೆ. ನಮ್ಮ ಹಳೇ ಮನೆಯ ಚಿತ್ರ ಅದೇ ರೀತಿಯಲ್ಲಿ ಬೇಕು. ಅಳತೆ 15×22 ಇಂಚು. ಗ್ರಿಲ್ ಹಾಕುವ ಮೊದಲಿನ ಮನೆ, ಬೇಸಿಗೆಯ ಬೆಳಿಗ್ಗೆ, ಅಂಗಳದಲ್ಲಿ ಅಡಿಕೆ. ಜಗಲಿ, ತುಳಸಿಕಟ್ಟೆ, ಬಾವಿ ಕಾಣಲೇಬೇಕು. ಹಟ್ಟಿ ಬಂದರೆ ಸಂತೋಷ, ಇಲ್ಲದಿದ್ದರೂ ಅಡ್ಡಿ ಇಲ್ಲ. ಮನುಷ್ಯರು ಬೇಡ. ಫೋಟೋಗಳು, ಒಂದು ಹೆಂಚು ನಮ್ಮಲ್ಲಿ ಇವೆ. ನಮ್ಮ ಕೈಯಲ್ಲಿ 15,000 ರೂಪಾಯಿ ತನಕ ಇದೆ. ಡಿಸೆಂಬರ್ ಮೊದಲ ವಾರಕ್ಕೆ ಬೇಕು. ರಫ್ ತೋರಿಸುವಿರಾ, ಎಷ್ಟು ಸಲ ಬದಲಾಯಿಸಬಹುದು, ಹಣ ಯಾವ ಕಂತಿನಲ್ಲಿ ಅಂತ ತಿಳಿಸಿ."

ಕುಂಚಕಾಪು · ಕಾಪು

ಇಂಥ ಮೆಸೇಜು ಬಂದರೆ ನಾನು ಅವತ್ತೇ ಉತ್ತರ ಕೊಡುತ್ತೇನೆ. "ಬಂದರೆ ಸಂತೋಷ" ಅಂತ ಬರೆದದ್ದು ತುಂಬ ಒಳ್ಳೆಯದಾಯಿತು, ಎಲ್ಲವೂ ಬೇಕೇ ಬೇಕು ಅಂದರೆ ಚಿತ್ರ ಕೂರುವುದಿಲ್ಲ. 15,000 ಕಟ್ಟು ಸೇರಿಯೋ ಬಿಟ್ಟೋ ಅಂತ ಬರೆಯಿರಿ. ಮುಗಿದ ಮೇಲೆ ಚಿತ್ರ ಎಲ್ಲರಿಗೂ ತೋರಿಸಬಹುದಾ ಅಂತ ಅವರು ಕೇಳಬಹುದು. ಡಿಸೆಂಬರ್ ಕಳೆಯುವ ತನಕ ಫೇಸ್‌ಬುಕ್‌ಗೆ ಹಾಕಬೇಡಿ ಅಂತ ಈಗಲೇ ಸೇರಿಸಿ, ಇಲ್ಲದಿದ್ದರೆ ಅಪ್ಪ ಅಮ್ಮ ಅಲ್ಲೇ ನೋಡಿಬಿಡುತ್ತಾರೆ.

ಇನ್ನೊಂದು. ಬಾವಿಯಿಂದ ಜಗಲಿಗೆ ಎಷ್ಟು ದೂರ, ಮೆಟ್ಟಿಲು ಎಷ್ಟು, ಬಾಗಿಲು ಯಾವ ದಿಕ್ಕಿಗೆ, ಇದೆಲ್ಲ ಫೋಟೋದಲ್ಲಿ ಸಿಗುವುದಿಲ್ಲ. ಅಪ್ಪನನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಆ ಮನೆಯಲ್ಲಿ ಬೆಳೆದ ಬೇರೆ ಯಾರಾದರೂ ಇದ್ದಾರಾ?

ಅಂಗಳದಮನೆ · ಹಿರಿಯಡ್ಕ

ಚಿಕ್ಕಪ್ಪ ಇದ್ದಾರೆ, ಮೂಡುಬಿದಿರೆಯಲ್ಲಿ. ನೆಲದ ನಕ್ಷೆ ಬರೆದುಕೊಡುತ್ತೇನೆ ಅಂದಿದ್ದಾರೆ. ಹೆಜ್ಜೆ ಲೆಕ್ಕ ಎಲ್ಲ ನೆನಪುಂಟಂತೆ. ಭಾನುವಾರ ಅಲ್ಲಿಗೆ ಹೋಗಿ ತರುತ್ತೇವೆ. ಬಜೆಟ್ ಕಟ್ಟು ಬಿಟ್ಟು, ಅದನ್ನೂ ಸೇರಿಸುತ್ತೇನೆ.

ಕಟ್ಟುಗಾಜು · ಕಾರ್‌ಸ್ಟ್ರೀಟ್

ಅಕ್ಕ, ಕಟ್ಟು ಯಾರ ಹತ್ತಿರ ಹಾಕಿಸಿದರೂ ನವೆಂಬರ್ ಮೂರನೇ ವಾರದ ಒಳಗೆ ಚಿತ್ರ ಕೊಡಿ. ಡಿಸೆಂಬರ್‌ನಲ್ಲಿ ನಮಗೆ ಮದುವೆ ಫೋಟೋಗಳ ಕೆಲಸ ಜಾಸ್ತಿ, ಅವಸರಕ್ಕೆ ಮೌಂಟ್ ಸರಿಯಾಗಿ ಕತ್ತರಿಸಲು ಆಗುವುದಿಲ್ಲ. 15×22 ಚಿತ್ರಕ್ಕೆ ಸುತ್ತ ಮೂರು ಇಂಚು ಮೌಂಟ್ ಸೇರಿದರೆ ಹೊರಗಿನ ಅಳತೆ 21×28 ಆಗುತ್ತದೆ, ಕಟ್ಟಿನ ಪಟ್ಟಿ ಬೇರೆ. ಗೋಡೆಯಲ್ಲಿ ಜಾಗ ಅಷ್ಟು ಉಂಟಾ ನೋಡಿಕೊಳ್ಳಿ.